ವೇಗ ಮಾರುವವರು, ದಾರಿ ಬೇಕಾದವರು

2025ರ ಆಗಸ್ಟ್ 17ರ ರಾತ್ರಿ ಹೈದರಾಬಾದಿನ ರಾಮಂತಪುರದಲ್ಲಿ ಕೃಷ್ಣ ಜನ್ಮಾಷ್ಟಮಿಯ ಮೆರವಣಿಗೆ ನಡೆಯುತ್ತಿದ್ದಾಗ ರಥಕ್ಕೆ ವಿದ್ಯುತ್ ಹರಿದು 5 ಮಂದಿ ಸತ್ತರು. ಕರೆಂಟ್ ಕಂಬಗಳಿಗೆ ಸುತ್ತಿಕೊಂಡು ರಸ್ತೆಯ ಮೇಲೆ ಜೋತುಬಿದ್ದಿರುವ ಟಿವಿ ಮತ್ತು ಇಂಟರ್ನೆಟ್ ಕೇಬಲ್‌ಗಳ ಕಡೆ ಎಲ್ಲರ ಕಣ್ಣು ಹೋಯಿತು. ಆ ವಾರವೇ ವಿದ್ಯುತ್ ವಿತರಣಾ ಕಂಪನಿಯ ಸಿಬ್ಬಂದಿ ಬಡಾವಣೆ ಬಡಾವಣೆಗೆ ಹೋಗಿ ಕೇಬಲ್‌ಗಳನ್ನು ಕತ್ತರಿಸತೊಡಗಿದರು. ಊರಿನ ಹಲವು ಭಾಗಗಳಲ್ಲಿ ಮನೆಯ ಇಂಟರ್ನೆಟ್ ನಿಂತಿತು. ದೂರಸಂಪರ್ಕ ಕಂಪನಿಗಳು ಪ್ರತಿಭಟಿಸಿದವು, ವಿಷಯ ತೆಲಂಗಾಣ ಹೈಕೋರ್ಟಿನವರೆಗೂ ಹೋಯಿತು. ಯಾವ ಕೇಬಲ್ ಅನುಮತಿ ಪಡೆದದ್ದು, ಯಾವುದು ಪಡೆಯದ್ದು ಎಂಬುದೇ ಜಗಳದ ತಿರುಳಾಯಿತು.

ಸಾವಿನ ಮುಂದೆ ಇಂಟರ್ನೆಟ್ ದೊಡ್ಡದಲ್ಲ. ಕಂಬಗಳನ್ನು ಖಾಲಿ ಮಾಡಬೇಕಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಅದನ್ನು ವರ್ಷಗಳ ಹಿಂದೆಯೇ ಮಾಡಬೇಕಿತ್ತು. ಆದರೆ ಆ ದಿನಗಳು ಇನ್ನೊಂದು ಸಂಗತಿಯನ್ನೂ ಬಯಲು ಮಾಡಿದವು. ಕಂಪನಿಗಳ ನೌಕರರು ಮನೆಯ ನೆಟ್ ಹೋದಾಗ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಆಫೀಸಿಗೆ ಹೊರಡಬಹುದು. ಸಂಬಳಕ್ಕೆ ಅದರಿಂದ ಏನೂ ಆಗುವುದಿಲ್ಲ. ಮನೆಯಲ್ಲೇ ಕೂತು ಅನುವಾದ, ಸಬ್‌ಟೈಟಲ್, ಟೈಪ್‌ಸೆಟ್ಟಿಂಗ್, ಅಕೌಂಟ್ಸ್, ಟ್ಯೂಷನ್ ಮಾಡಿ ಬದುಕುವವರಿಗೆ ಹೋಗಲು ಬೇರೆ ಆಫೀಸಿಲ್ಲ. ಸಂಜೆ ಆರಕ್ಕೆ ಕೊಡಬೇಕಾದ ಫೈಲು ಆರಕ್ಕೇ ಹೋಗಬೇಕು. ಹೋಗದಿದ್ದರೆ ಯಾರೂ ಬೈಯುವುದಿಲ್ಲ, ನೋಟಿಸ್ ಕೊಡುವುದಿಲ್ಲ. ಮುಂದಿನ ಕೆಲಸದ ಇಮೇಲ್ ಬರುವುದಿಲ್ಲ, ಅಷ್ಟೇ.

ಹೀಗಿರುವಾಗ ಮನೆಗೆ ಬ್ರಾಡ್‌ಬ್ಯಾಂಡ್ ಆರಿಸುವ ಹೊತ್ತಿಗೆ ಇವರ ಮುಂದೆ ಬರುವುದು ಒಂದೇ ಒಂದು ಅಂಕಿ: ವೇಗ. 40 ಎಂಬಿಪಿಎಸ್, 100, 300, ಒಂದು ಗಿಗಾ. ಹೈದರಾಬಾದಿಗೆ ಈ ಅಂಕಿಯ ಮೋಹ ಹಳೆಯದು. 2017ರಲ್ಲಿ ಆ್ಯಕ್ಟ್ ಫೈಬರ್‌ನೆಟ್ ಕಂಪನಿ ಮನೆಗಳಿಗೆ 1 ಗಿಗಾಬಿಟ್ ವೇಗದ ಸಂಪರ್ಕವನ್ನು ತಂದಾಗ ಅದು ಮೊದಲು ಬಂದದ್ದು ಇದೇ ಊರಿಗೆ. ಅದೇ ದೇಶದಲ್ಲಿ 2004ರಲ್ಲಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳುತ್ತಿತ್ತು. 2013ರಲ್ಲಿ ಅದು 512 ಆಯಿತು, 2023ರಲ್ಲಿ 2 ಎಂಬಿಪಿಎಸ್ ಆಯಿತು. ಸರ್ಕಾರದ ವ್ಯಾಖ್ಯೆಯೂ ವೇಗದ್ದು, ಜಾಹೀರಾತೂ ವೇಗದ್ದು. ತಿಂಗಳಲ್ಲಿ ಎಷ್ಟು ಗಂಟೆ ನಿಲ್ಲುತ್ತದೆ, ನಿಂತರೆ ಎಷ್ಟು ಹೊತ್ತಿಗೆ ಸರಿಯಾಗುತ್ತದೆ ಎಂಬ ಅಂಕಿ ಯಾವ ಫಲಕದ ಮೇಲೂ ಇರುವುದಿಲ್ಲ.

ಅನುವಾದದ ಕೆಲಸಕ್ಕೆ ನಿಜವಾಗಿ ಎಷ್ಟು ವೇಗ ಬೇಕು ಎಂದು ಲೆಕ್ಕ ಹಾಕಿದರೆ ನಗು ಬರುತ್ತದೆ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. ಕನ್ನಡ ಮೂರು ಪಟ್ಟು ಭಾರ. ಆದರೂ ಒಂದು ದಿನದ ದುಡಿಮೆಯಾದ 2,000 ಪದಗಳು ಬರೀ ಪಠ್ಯವಾಗಿ 60 ಕಿಲೋಬೈಟ್ ಆಸುಪಾಸಿಗೆ ಮುಗಿಯುತ್ತವೆ. ವಾಟ್ಸ್‌ಆ್ಯಪಿನಲ್ಲಿ ಬರುವ ಶುಭೋದಯದ ಚಿತ್ರ ಎಷ್ಟೋ ಸಲ ಇದಕ್ಕಿಂತ ಭಾರವಾಗಿರುತ್ತದೆ. ಬ್ರೌಸರಿನಲ್ಲೇ ನಡೆಯುವ ಅನುವಾದ ತಂತ್ರಾಂಶಗಳಿಗೂ, ಪ್ರತಿ ವಾಕ್ಯವನ್ನು ಸರ್ವರಿಗೆ ಉಳಿಸುತ್ತಾ ಹೋಗಬೇಕಾದರೂ, ಬೇಕಾದದ್ದು ತೆಳ್ಳಗಿನ ಆದರೆ ಕಡಿಯದ ದಾರ. ವೀಡಿಯೊ ಮೀಟಿಂಗಿಗೆ 4 ಎಂಬಿಪಿಎಸ್ ಧಾರಾಳ. ಧ್ವನಿ ಕೊಡುವ ಕೆಲಸ ಮಾಡುವವರಿಗೆ ಮಾತ್ರ ಲೆಕ್ಕ ಸ್ವಲ್ಪ ಬೇರೆ. 48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಗಂಟೆಯ ಧ್ವನಿಮುದ್ರಣ ಸುಮಾರು 520 ಎಂಬಿ ಆಗುತ್ತದೆ. 10 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ 7 ನಿಮಿಷ, 40 ಇದ್ದರೆ 2 ನಿಮಿಷದೊಳಗೆ ಹೋಗುತ್ತದೆ. ಇವರೂ ನೋಡಬೇಕಾದದ್ದು ಅಪ್‌ಲೋಡ್ ವೇಗವನ್ನು. ಫಲಕದ ಮೇಲೆ ದಪ್ಪಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಡೌನ್‌ಲೋಡ್.

ಅಂದರೆ ಅತ್ಯಂತ ಅಗ್ಗದ ಫೈಬರ್ ಪ್ಲಾನ್ ಕೂಡ ಕೆಲಸದ ಮಟ್ಟಿಗೆ ಅಗತ್ಯಕ್ಕಿಂತ ಹೆಚ್ಚು ವೇಗದ್ದು. ಅದಕ್ಕೂ ಮೇಲಿನ ಪ್ಲಾನಿಗೆ ಕೊಡುವ ದುಡ್ಡು ಸಿನಿಮಾ ನೋಡಲಿಕ್ಕೆ, ನೋಡಲಿ, ತಪ್ಪೇನಿಲ್ಲ. ಆದರೆ ಅದನ್ನು ಕೆಲಸದ ಖರ್ಚು ಎಂದುಕೊಳ್ಳಬಾರದು. ಕೆಲಸಕ್ಕೆ ಬೇಕಾದ ಅಂಕಿ ಬೇರೆ. 30 ದಿನಗಳ ತಿಂಗಳಿನಲ್ಲಿ 720 ಗಂಟೆ. ನೂರಕ್ಕೆ 99 ಪಾಲು ಸರಿಯಿರುವ ಸಂಪರ್ಕ ಎಂದರೆ ಕೇಳಲು ಚೆನ್ನಾಗಿದೆ, ಆದರೆ ಅದು ತಿಂಗಳಿಗೆ 7 ಗಂಟೆ 12 ನಿಮಿಷ ಇಲ್ಲದ ಸಂಪರ್ಕ. ಆ ಏಳು ಗಂಟೆ ರಾತ್ರಿ ಎರಡಕ್ಕೆ ಬಂದರೆ ಯಾರಿಗೂ ಗೊತ್ತಾಗದು. ಮಳೆಗಾಲದ ಒಂದು ಮಂಗಳವಾರ ಮಧ್ಯಾಹ್ನ ಒಟ್ಟಿಗೇ ಬಂದರೆ ಒಬ್ಬ ಗಿರಾಕಿ ಕೈತಪ್ಪುತ್ತಾನೆ.

ಇದನ್ನು ಬಲ್ಲವರು ಎರಡು ಸಂಪರ್ಕ ಇಟ್ಟುಕೊಳ್ಳುತ್ತಾರೆ. ಹೈದರಾಬಾದಿನ ಆ ಆಗಸ್ಟ್ ಕಲಿಸಿದ ಪಾಠ ಇರುವುದು ಇಲ್ಲಿ: ಎರಡು ಕಂಪನಿ ಎಂದರೆ ಎರಡು ದಾರಿ ಎಂದೇನೂ ಅಲ್ಲ. ಒಂದು ಕಂಪನಿಯ ಫೈಬರ್, ಇನ್ನೊಂದು ಕಂಪನಿಯ ಫೈಬರ್, ಎರಡೂ ಒಂದೇ ಬೀದಿಯ ಅದೇ ಕಂಬಗಳ ಮೇಲೆ ಬಂದಿದ್ದರೆ ಕತ್ತರಿಗೆ ಎರಡೂ ಒಂದೇ ಕಟ್ಟು. ಬಿಲ್ ಎರಡು ಬರುತ್ತದೆ, ದಾರಿ ಒಂದೇ ಇರುತ್ತದೆ. ಲಾರಿ ತಗುಲಿದರೂ, ಮರದ ಕೊಂಬೆ ಬಿದ್ದರೂ, ರಸ್ತೆ ಅಗೆದರೂ ಕಥೆ ಅದೇ. ಹಾಗಾಗಿ ಎರಡನೆಯ ಸಂಪರ್ಕ ನೆಲದ ಮೇಲಿನದಾಗಿದ್ದರೆ ಪ್ರಯೋಜನ ಕಡಿಮೆ, ಗಾಳಿಯಲ್ಲಿ ಬರುವಂಥದ್ದಾಗಿರಬೇಕು. ಮೊಬೈಲ್ ಹಾಟ್‌ಸ್ಪಾಟ್ ಇದಕ್ಕೆ ಸರಳ ಉತ್ತರ. 5ಜಿ ಸಿಗ್ನಲನ್ನೇ ಮನೆಯ ವೈಫೈ ಮಾಡಿಕೊಡುವ ಏರ್‌ಫೈಬರ್ ಬಗೆಯ ಸೇವೆ ಇನ್ನೊಂದು. ಜಿಯೊ ಅದನ್ನು 2023ರ ಸೆಪ್ಟೆಂಬರಿನಲ್ಲಿ ಮೊದಲ ಸುತ್ತಿಗೆ ತಂದ 8 ನಗರಗಳಲ್ಲಿ ಹೈದರಾಬಾದೂ ಇತ್ತು. ಟವರಿನ ಹಿಂದೆಯೂ ಎಲ್ಲೋ ಒಂದು ಫೈಬರ್ ಇದ್ದೇ ಇರಬಹುದು, ಅದೂ ಕತ್ತರಿಸಬಹುದು. ಆದರೂ ಮನೆಯ ಮುಂದಿನ ಕಂಬಕ್ಕೂ ಅದಕ್ಕೂ ಸಾಮಾನ್ಯವಾಗಿ ನಂಟಿರುವುದಿಲ್ಲ. ಮೊಬೈಲ್ ಕಂಪನಿಯೂ ಮನೆಯ ಫೈಬರ್ ಕಂಪನಿಯೂ ಬೇರೆ ಬೇರೆ ಆಗಿರಲಿ ಎಂಬ ಮಾತಿಗೆ ಆಗ ಅರ್ಥ ಬರುತ್ತದೆ. ಎಲ್ಲವನ್ನೂ ಒಂದೇ ಬಿಲ್ಲಿಗೆ ಸೇರಿಸಿ ರಿಯಾಯಿತಿ ಕೊಡುವ ಪ್ಯಾಕೇಜುಗಳು ಸಂಸಾರಕ್ಕೆ ಚೆಂದ. ಮನೆಯಿಂದಲೇ ದುಡಿಯುವವರಿಗೆ ಅದು ಎಲ್ಲ ಮೊಟ್ಟೆಯನ್ನೂ ಒಂದೇ ಬುಟ್ಟಿಗೆ ಹಾಕಿ ಬುಟ್ಟಿಯ ಬೆಲೆಯಲ್ಲಿ ಉಳಿಸಿದಂತೆ.

ಕಾಣದ ಒಂದು ಗಂಟು ಫೋನಿನಲ್ಲೂ ಇದೆ. ಎತ್ತರದ ಅಪಾರ್ಟ್‌ಮೆಂಟುಗಳ ಒಳಕೋಣೆಗಳಲ್ಲಿ ಸಿಗ್ನಲ್ ಸಿಗದೆ ಜನ ವೈಫೈ ಕಾಲಿಂಗ್ ಹಾಕಿಕೊಂಡಿರುತ್ತಾರೆ. ಮನೆಯ ನೆಟ್ ನಿಂತ ಕೂಡಲೇ ಫೋನೂ ಮೂಕವಾಗುತ್ತದೆ, ಹಾಟ್‌ಸ್ಪಾಟಿಗೂ ಸಿಗ್ನಲ್ ಇರುವುದಿಲ್ಲ. ಎರಡು ದಾರಿ ಇದೆ ಎಂದುಕೊಂಡಿದ್ದವರಿಗೆ ಅರ್ಧ ದಾರಿಯೂ ಇಲ್ಲ. ಸಿಮ್ ಕೊಳ್ಳುವ ಮೊದಲು ಕೆಲಸದ ಮೇಜಿನ ಬಳಿಯೇ, ವೈಫೈ ಆರಿಸಿ, ಸಂಜೆಯ ಹೊತ್ತಿನಲ್ಲಿ ಯಾರದಾದರೂ ಫೋನಿನಿಂದ ಪರೀಕ್ಷಿಸುವುದು ಯಾವ ಜಾಲತಾಣದ ನಕ್ಷೆಗಿಂತಲೂ ನಂಬಬಹುದಾದ ವಿಧಾನ.

ಕರೆಂಟಿನದೂ ಇಂಥದೇ ಮಾತು. ಫೈಬರ್ ನೇರ ಮನೆಯೊಳಗಿನ ಮೋಡೆಮ್‌ವರೆಗೂ ಬಂದಿದ್ದರೆ ನಡುವೆ ಸಾಮಾನ್ಯವಾಗಿ ವಿದ್ಯುತ್ ಬೇಡ. ಬೆಳಕನ್ನು ಹಂಚುವ ಪೆಟ್ಟಿಗೆಗೆ ಕರೆಂಟ್ ಬೇಕಿಲ್ಲ. ಮನೆಯ ಮೋಡೆಮ್ಮಿಗೆ ಇನ್ವರ್ಟರ್ ಇದ್ದರೆ, ಇಲ್ಲವೇ ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಇದ್ದರೆ ಸಾಕು. ಹಲವು ಹಳೆಯ ಕಟ್ಟಡಗಳಲ್ಲಿ ಹಾಗಿಲ್ಲ. ಫೈಬರ್ ಕೆಳಗಿನ ಒಂದು ಪೆಟ್ಟಿಗೆಯವರೆಗೆ ಬರುತ್ತದೆ, ಅಲ್ಲಿಂದ ಮನೆಗೆ ಈಥರ್ನೆಟ್ ತಂತಿ. ಆ ಪೆಟ್ಟಿಗೆಯ ಸ್ವಿಚ್‌ಗೆ ಕರೆಂಟ್ ಬೇಕು. ಮನೆಯಲ್ಲಿ ಇನ್ವರ್ಟರ್ ಉರಿಯುತ್ತಿದ್ದರೂ ಕೆಳಗಿನ ಪೆಟ್ಟಿಗೆ ಆರಿದ್ದರೆ ನೆಟ್ ಇಲ್ಲ. ಎರಡೂ ಬಗೆಯನ್ನು ಮಾರುವವರು ಫೈಬರ್ ಎಂದೇ ಮಾರುತ್ತಾರೆ. ಮನೆಯೊಳಗೆ ಬರುವ ತಂತಿ ಯಾವುದು ಎಂದು ಕೇಳುವುದು ಗಿರಾಕಿಯ ಪಾಲಿಗೆ ಬಿಟ್ಟ ಕೆಲಸ.

ಫೋನಿನ ವಿಷಯದಲ್ಲಿ ನಂಬರ್ ಮತ್ತು ಡೇಟಾ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಹೈದರಾಬಾದಿನ ಕನ್ನಡಿಗರಲ್ಲಿ ಬೀದರ್, ಕಲಬುರಗಿ, ರಾಯಚೂರು ಕಡೆಯವರು ಬಹಳ. 1956ರವರೆಗೆ ಆ ಜಿಲ್ಲೆಗಳಿಗೆ ರಾಜಧಾನಿ ಇದೇ ಊರಾಗಿತ್ತು. ಕಾಚಿಗುಡದ ನೃಪತುಂಗ ಶಾಲೆ ಆ ನಂಟಿನ ಗುರುತಾಗಿ ಇನ್ನೂ ಇದೆ. ಕೆಲಸಕ್ಕೋ ಓದಿಗೋ ಬಂದವರು ಕರ್ನಾಟಕದ ನಂಬರನ್ನೇ ಇಟ್ಟುಕೊಂಡಿರುತ್ತಾರೆ. ಬ್ಯಾಂಕು, ಆಧಾರ್, ಗಿರಾಕಿಗಳ ಪೋರ್ಟಲ್, ಹೊರದೇಶದಿಂದ ದುಡ್ಡು ಬರುವ ಖಾತೆ, ಎಲ್ಲದರ ಒಟಿಪಿಯೂ ಅದಕ್ಕೇ. 2015ರ ಜುಲೈಯಿಂದ ದೇಶದ ಯಾವ ವೃತ್ತಕ್ಕಾದರೂ ಅದೇ ನಂಬರಿನೊಡನೆ ಹೋಗಬಹುದು. ತೆಲಂಗಾಣ 2014ರಲ್ಲೇ ಬೇರೆ ರಾಜ್ಯವಾದರೂ ದೂರಸಂಪರ್ಕದ ನಕ್ಷೆಯಲ್ಲಿ ಅದಿನ್ನೂ ಆಂಧ್ರಪ್ರದೇಶ ವೃತ್ತದ ಒಳಗೇ ಇದೆ. ನಂಬರನ್ನು ಬಿಟ್ಟುಕೊಡುವ ಕಾರಣವೇ ಇಲ್ಲ. ಆದರೆ ಗಡಿಬಿಡಿಯಲ್ಲಿ ಬದಲಾಯಿಸುವ ವಸ್ತುವೂ ಅದಲ್ಲ. 2024ರ ಜುಲೈ 1ರಿಂದ, ಸಿಮ್ ಬದಲಿಸಿ 7 ದಿನ ಕಳೆಯುವ ತನಕ ಬೇರೆ ಕಂಪನಿಗೆ ಪೋರ್ಟ್ ಮಾಡಲಾಗದು. ಫೋನ್ ಕಳೆದುಕೊಂಡ ವಾರದಲ್ಲೇ ಕಂಪನಿಯನ್ನೂ ಬದಲಿಸಹೊರಟರೆ ಆಗದು. ಒಟಿಪಿಯ ನಂಬರ್ ಅಲುಗಾಡದೆ ಇರಲಿ, ಡೇಟಾದ ಎರಡನೆಯ ಸಿಮ್ ಬೇಕಾದಾಗ ಬದಲಾಗುತ್ತಿರಲಿ. ಮೊದಲನೆಯದಕ್ಕೆ ದೊಡ್ಡ ರೀಚಾರ್ಜ್ ಕೂಡ ಬೇಕಿಲ್ಲ: 2024ರ ಡಿಸೆಂಬರಿನಲ್ಲಿ ಟ್ರಾಯ್, ಡೇಟಾ ಇಲ್ಲದೆ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕುಗಳನ್ನೂ ಕಂಪನಿಗಳು ಕೊಡಲೇಬೇಕೆಂದು ನಿಯಮ ಮಾಡಿದೆ. ಅವು ಆ್ಯಪಿನ ಮೊದಲ ಪುಟದಲ್ಲಿ ಕಾಣದಿದ್ದರೆ ಹುಡುಕಬೇಕು.

ಇಷ್ಟೆಲ್ಲ ಆರಿಸಲು ಆಯ್ಕೆ ಇದ್ದರೆ ತಾನೇ? ಗಚ್ಚಿಬೌಲಿ, ಕೊಂಡಾಪುರ, ಮಿಯಾಪುರದ ಕಡೆ ಗೇಟಿರುವ ದೊಡ್ಡ ಸಮುಚ್ಚಯಗಳೇ ಸಾಲುಸಾಲು. ಇಂಥ ಕಡೆ ಬಿಲ್ಡರ್ ಇಲ್ಲವೇ ಅಸೋಸಿಯೇಷನ್ ಒಂದೋ ಎರಡೋ ಕಂಪನಿಗೆ ಮಾತ್ರ ಒಳಗೆ ಕೇಬಲ್ ಎಳೆಯಲು ಬಿಟ್ಟರೆ ಬಾಡಿಗೆಗೆ ಬಂದವರಿಗೆ ಆಯ್ಕೆಯೆಂಬುದು ಗೇಟಿನ ಹೊರಗೇ ಉಳಿಯುತ್ತದೆ. 2024ರ ಅಕ್ಟೋಬರಿನಲ್ಲಿ ಟ್ರಾಯ್ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಆಧಾರದ ಮೇಲೆ ಶ್ರೇಣಿ ಕೊಡುವ ನಿಯಮ ತಂದಿತು. ಒಳ್ಳೆಯದೇ. ಆದರೆ ಬಾಡಿಗೆ ಮನೆ ನೋಡಲು ಹೋದಾಗ ನೀರು, ಪಾರ್ಕಿಂಗ್ ಕೇಳುವಂತೆಯೇ ಯಾವ ಯಾವ ಕಂಪನಿಯ ಲೈನಿದೆ ಎಂದು ಕೇಳುವುದು ಮನೆಯಿಂದ ದುಡಿಯುವವರ ಅಭ್ಯಾಸವಾಗಬೇಕು. ಮುಂಗಡ ಕೊಟ್ಟ ಮೇಲೆ ಕೇಳಿ ಉಪಯೋಗವಿಲ್ಲ. ಅಕ್ಕಪಕ್ಕದ ಮನೆಯವರನ್ನೇ ಕೇಳಬೇಕು. ಹೋದ ಸಲ ನಿಂತಾಗ ಎಷ್ಟು ಹೊತ್ತಿಗೆ ಬಂದರು ಎಂಬುದನ್ನು ಅವರಷ್ಟು ಸರಿಯಾಗಿ ಯಾವ ಕಾಲ್‌ಸೆಂಟರೂ ಹೇಳದು. ಬಡಾವಣೆಯ ಟೆಕ್ನಿಷಿಯನ್ ಯಾರು, ಆತ ಫೋನ್ ಎತ್ತುತ್ತಾನೆಯೇ ಎಂಬುದರ ಮೇಲೆ ಈ ಊರಿನ ಅರ್ಧ ಇಂಟರ್ನೆಟ್ ನಿಂತಿದೆ.

ಈಗ ದುಡ್ಡಿನ ಮಾತು. ಮನೆಯ ಫೈಬರ್‌ನ ಆರಂಭದ ಪ್ಲಾನುಗಳು ವರ್ಷಗಳಿಂದ 400ರಿಂದ 500 ರೂಪಾಯಿ ನಡುವೆ ಇವೆ, ಮೇಲೆ ಶೇ 18ರಷ್ಟು ಜಿಎಸ್‌ಟಿ. 499ರ ಪ್ಲಾನ್ ಕೈಗೆ ಬರುವಾಗ 589. ಎರಡನೆಯ ದಾರಿಗೆ ಒಂದು ಮೊಬೈಲ್ ಡೇಟಾ ಪ್ಯಾಕ್. 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದ ಮೇಲೆ ಅದೂ ಸಣ್ಣ ಮೊತ್ತವಲ್ಲ. ಎರಡೂ ಸೇರಿ ತಿಂಗಳಿಗೆ 1,000 ರೂಪಾಯಿ ಎಂದುಕೊಳ್ಳೋಣ. ಪದಕ್ಕೆ 1 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಪ್ರತಿ ತಿಂಗಳ ಮೊದಲ ಸಾವಿರ ಪದಗಳು ತಂತಿಗೇ ಸಲ್ಲುತ್ತವೆ. ಆಫೀಸಿದ್ದ ಕಾಲದಲ್ಲಿ ಈ ಖರ್ಚು ಮಾಲೀಕರದಾಗಿತ್ತು: ಲೀಸ್ಡ್ ಲೈನ್, ಜನರೇಟರ್, ಐಟಿ ವಿಭಾಗ, ಎಲ್ಲ ಅವರದು. ಅನುವಾದ ಏಜೆನ್ಸಿ ಬೆಂಗಳೂರಿನಲ್ಲಿರಲಿ, ಮುಂಬೈಯಲ್ಲಿರಲಿ, ಡಬ್ಲಿನ್‌ನಲ್ಲಿರಲಿ, ಈಗ ಆ ಜವಾಬ್ದಾರಿ ಸದ್ದಿಲ್ಲದೆ ಕೆಲಸ ಮಾಡುವವರ ಮನೆಗೆ ವರ್ಗವಾಗಿದೆ. ಒಪ್ಪಂದದಲ್ಲಿ ಗಡುವಿನ ಸಾಲಿದೆ, ತಡವಾದರೆ ಕಡಿತದ ಸಾಲಿದೆ, ಗೋಪ್ಯತೆಯ ಸಾಲಿದೆ. ಸಂಪರ್ಕದ ಖರ್ಚಿನ ಸಾಲಿಲ್ಲ. ಹಾಗಿದ್ದರೆ ನೆಟ್ ಹೋದಾಗ ಯಾವುದಾದರೂ ಕೆಫೆಗೆ ಹೋಗಿ ಕೂರಬಾರದೇ ಎಂದು ಕೇಳುವವರು ಆ ಗೋಪ್ಯತೆಯ ಸಾಲನ್ನು ಓದಬೇಕು. ಸಾರ್ವಜನಿಕ ವೈಫೈ ಬಳಸಬಾರದೆಂದು ಬರೆದಿರುವ ಒಪ್ಪಂದಗಳೇನೂ ಕಡಿಮೆಯಿಲ್ಲ.

ನಷ್ಟಕ್ಕೆ ಪರಿಹಾರ? 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್‌ನ ಸೇವಾ ಗುಣಮಟ್ಟದ ನಿಯಮಗಳಲ್ಲಿ ಒಂದು ಅಂಶವಿದೆ: ಜಿಲ್ಲೆಯ ಮಟ್ಟದಲ್ಲಿ ಸೇವೆ 24 ಗಂಟೆಗೂ ಹೆಚ್ಚು ನಿಂತರೆ ಪೋಸ್ಟ್‌ಪೇಯ್ಡ್ ಗಿರಾಕಿಗಳಿಗೆ ಅಷ್ಟು ದಿನದ ಬಾಡಿಗೆ ಕಡಿತ, ಪ್ರೀಪೇಯ್ಡ್‌ನವರಿಗೆ ಅವಧಿ ವಿಸ್ತರಣೆ. 589 ರೂಪಾಯಿಯ ಪ್ಲಾನಿನಲ್ಲಿ ಒಂದು ದಿನದ ಬಾಡಿಗೆ 20 ರೂಪಾಯಿ. ಅದೇ ದಿನ ಹೋದ ದುಡಿಮೆ, ಮೇಲಿನ ಲೆಕ್ಕದಲ್ಲಿ, 2,000 ರೂಪಾಯಿ. ನೂರಕ್ಕೆ ಒಂದು. ಒಂದು ಬೀದಿಯ ಕೇಬಲ್ ಹೋದರೆ ಅದು ಜಿಲ್ಲೆಯ ಲೆಕ್ಕಕ್ಕೂ ಬರುವುದಿಲ್ಲ.

ಗ್ರಾಹಕ ನ್ಯಾಯಾಲಯದ ಬಾಗಿಲು ತೆರೆದಿದೆ ಎನ್ನಬಹುದು. ದೂರಸಂಪರ್ಕ ಕಂಪನಿಗಳ ವಿರುದ್ಧದ ದೂರನ್ನು ಗ್ರಾಹಕ ವೇದಿಕೆಗಳು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಹೇಳಿದೆ. ಆದರೆ ಅಲ್ಲೂ ಒಂದು ತೊಡಕಿದೆ. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಗೆ ಆ ಕಾನೂನು ಅನ್ವಯಿಸದು. 1986ರ ಹಳೆಯ ಕಾಯ್ದೆಯಲ್ಲಿ, ತಿದ್ದುಪಡಿಯಾದ ಮೇಲೆ, ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡ ಸರಕು ಮತ್ತು ಪಡೆದ ಸೇವೆ ಎರಡಕ್ಕೂ ವಿನಾಯಿತಿ ಇತ್ತು. 2019ರ ಕಾಯ್ದೆಯ ವಿವರಣೆಯಲ್ಲಿ ಉಳಿದಿರುವುದು ಸರಕು ಮಾತ್ರ. ಸೇವೆ ಎಂಬ ಮಾತು ಬಿಟ್ಟುಹೋಗಿದೆ. ಹೊಲಿಗೆ ಯಂತ್ರ ಕೆಟ್ಟರೆ ದರ್ಜಿ ಗ್ರಾಹಕ. ಇಂಟರ್ನೆಟ್ ಕೆಟ್ಟರೆ ಅನುವಾದಕಿ ಗ್ರಾಹಕಿಯೇ ಎಂದು ಕಂಪನಿಯ ವಕೀಲರು ವಾದಿಸಲು ಜಾಗ ಬಿಟ್ಟಂತಾಗಿದೆ. ಒಂದು ಪದ ಬಿಟ್ಟುಹೋದರೆ ಏನಾಗುತ್ತದೆ ಎಂಬುದು ಅನುವಾದಕರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಇದೆಲ್ಲ ಊರಿನವರ ಸುಖದ ಗೊಣಗಾಟ ಎಂಬ ಆಕ್ಷೇಪ ಬರಬಹುದು. ಹೈದರಾಬಾದಿನಲ್ಲಿ ನಾಲ್ಕು ಕಂಪನಿಗಳಿವೆ, ಗಡಿಯಾಚೆಯ ಎಷ್ಟೋ ಹಳ್ಳಿಗಳಲ್ಲಿ ಒಂದೂ ಸರಿಯಿಲ್ಲ ಎಂಬುದು ನಿಜ. ಆದರೆ ಅದು ವಾದವನ್ನು ಬಲಪಡಿಸುತ್ತದೆ. ಬೀದರಿನ ಹಳ್ಳಿಯಲ್ಲಿ ಕೂತು ಮಾಡಬಹುದಾದ ಕೆಲಸಕ್ಕೆ ಜನ ನಗರದ ಬಾಡಿಗೆ ಕಟ್ಟುತ್ತಿರುವುದಕ್ಕೆ ನಂಬಬಹುದಾದ ಸಂಪರ್ಕವೂ ಒಂದು ಕಾರಣ. ಅದೇ ಸಂಪರ್ಕ ಇಲ್ಲೂ ಕಂಬದ ಮೇಲೆ ಜೋತುಬಿದ್ದಿದ್ದರೆ ಬಂದದ್ದೇಕೆ?

ಆದ್ದರಿಂದ ಆರಿಸುವವರ ಕೈಯಲ್ಲಿರುವುದು ಇಷ್ಟು: ಮನೆಗೆ ಕಡಿಮೆ ವೇಗದ ಅಗ್ಗದ ಫೈಬರ್ ಸಾಕು, ಉಳಿದ ದುಡ್ಡು ಬೇರೆ ಕಂಪನಿಯ ಮೊಬೈಲ್ ಡೇಟಾಕ್ಕೂ ರೌಟರಿನ ಬ್ಯಾಟರಿಗೂ ಹೋಗಲಿ. ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಸಿಗುವ ರಿಯಾಯಿತಿಗೆ ಬೀಳುವ ಮೊದಲು ಒಂದು ಮಳೆಗಾಲವನ್ನಾದರೂ ತಿಂಗಳ ಲೆಕ್ಕದಲ್ಲಿ ಕಳೆಯಲಿ. ಸಂಪರ್ಕ ನಿಂತ ದಿನ, ಹೊತ್ತು, ದೂರಿನ ಸಂಖ್ಯೆ ಒಂದು ಪುಸ್ತಕದಲ್ಲಿ ಇರಲಿ. ಕಂಪನಿ ಬದಲಿಸುವಾಗಲೂ, ದೂರು ಕೊಡುವಾಗಲೂ ಕೈಹಿಡಿಯುವುದು ಅದೇ. ದರ ಹೇಳುವಾಗ ಆ ಸಾವಿರ ರೂಪಾಯಿಯನ್ನು ಮರೆಯದಿರಲಿ.

ಆದರೆ ಒಬ್ಬೊಬ್ಬರ ಜಾಣತನಕ್ಕೆ ಮಿತಿಯಿದೆ. ಕಂಬದಿಂದ ಕೇಬಲ್ ಇಳಿಸುವುದಾದರೆ ನೆಲದಡಿ ಕೊಳವೆ ಹಾಕಿಕೊಡುವುದು ನಗರದ ಕೆಲಸ. ಇಳಿಸುವ ಮುಂಚೆ ಬೀದಿಗೆ ತಿಳಿಸುವುದು ಅದಕ್ಕಿಂತ ಸುಲಭದ ಕೆಲಸ. ಕಂಪನಿಗಳು ವೇಗದ ಪಕ್ಕದಲ್ಲೇ ಆ ಬಡಾವಣೆಯ ದುರಸ್ತಿಯ ಸರಾಸರಿ ಗಂಟೆಯನ್ನೂ ಬರೆಯಬೇಕೆಂದು ಟ್ರಾಯ್ ಹೇಳಬೇಕು. ಏಜೆನ್ಸಿಗಳು ಗಡುವಿನ ಸಾಲಿನ ಕೆಳಗೆ, ಸಾಬೀತಾದ ಸಂಪರ್ಕ ಕಡಿತಕ್ಕೆ ಒಂದು ದಿನದ ಬಿಡುವು ಎಂಬ ಸಾಲು ಸೇರಿಸಬೇಕು. ಅದರಿಂದ ಯಾವ ಏಜೆನ್ಸಿಯೂ ಮುಳುಗದು. ಸ್ವಂತ ದುಡಿಮೆಯವರು ಪಡೆಯುವ ಸೇವೆ ಎಂಬ ಮಾತು ಗ್ರಾಹಕ ಕಾಯ್ದೆಗೆ ಮರಳಬೇಕು. ಅಲ್ಲಿಯ ತನಕ ಮನೆಯಿಂದ ದುಡಿಯುವವರ ಬಿಲ್ಲಿನಲ್ಲಿ ಕಾಣುವುದು ವೇಗದ ಬೆಲೆ ಮಾತ್ರ. ಕಡಿದುಹೋದಾಗಿನ ಬೆಲೆಯನ್ನು ಅವರು ಬಿಲ್ಲಿಲ್ಲದೆಯೇ ಕಟ್ಟುತ್ತಿರುತ್ತಾರೆ.